ಎರಡು ಕಾಲಿಗೂ ಒಂದೇ ನಾರು

ಶೈಲಜಾ, ಮುಕುಂದ, ಇದು ನಿಮ್ಮಿಬ್ಬರಿಗೆ. ಶೈಲಜಾ, ನೀನು ಕನ್ನಡವನ್ನು ಅಕ್ಷರ ಕೂಡಿಸಿಕೊಂಡಾದರೂ ಓದುತ್ತೀ. ಮುಕುಂದನಿಗೆ ಅಷ್ಟೂ ಬಾರದು. ನಾನು ಕನ್ನಡದಲ್ಲಿ ಕರೆದರೆ ಅವನು ತಮಿಳಿನಲ್ಲಿ ಓಗೊಡುತ್ತಾನೆ. ಆದ್ದರಿಂದ ನೀನೇ ಅವನಿಗೆ ಓದಿ ಹೇಳಬೇಕು. ಬಾಯಲ್ಲೇ ಹೇಳಬಹುದಿತ್ತು, ಆದರೆ ನಾಲ್ಕು ಜನ ಕೂತ ಕಡೆ ನನಗೆ ಮಾತು ಹೊರಡುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಊರಿನ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಕಲಿತ ಕೈಬರಹ ಇನ್ನೂ ಉಳಿದಿದೆ. ಅದರಲ್ಲಿ ಬರೆಯುತ್ತೇನೆ.

ಹೋದ ತಿಂಗಳು ನಿಮ್ಮ ಅಮ್ಮನ ಜೊತೆ, ಅವಳ ಸ್ನೇಹಿತೆಯನ್ನು ನೋಡಲು ಕೀಲ್ಪಾಕಿನ ಆಸ್ಪತ್ರೆಗೆ ಹೋಗಿದ್ದೆ. ಮೆಟ್ಟಿಲು ಹತ್ತುವಾಗಲೇ ಸ್ಪಿರಿಟ್ಟಿನ ವಾಸನೆ ಬಂತು. ಆ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ಸೆರಗಿನ ತುದಿ ಹುಡುಕುತ್ತದೆ. ಸ್ನೇಹಿತೆಯ ಪಕ್ಕದ ಮಂಚದಲ್ಲಿ ಒಬ್ಬ ಹುಡುಗಿ ಮಲಗಿದ್ದಳು. ಕತ್ತಿನ ಬದಿಯಲ್ಲಿ ತೆಳ್ಳನೆಯ ನಳಿಗೆ. ರಕ್ತನಾಳಗಳೇ ಉರಿದು ಬಾತುಕೊಳ್ಳುವ ಕಾಯಿಲೆ, ನಳಿಗೆ ಎದೆಯ ದೊಡ್ಡ ನಾಳದವರೆಗೂ ಹೋಗಿದೆ, ಈಗ ಅದೆಲ್ಲ ಸಾಮಾನ್ಯ ಎಂದು ನರ್ಸಮ್ಮ ಹೇಳಿದಳು. ನಾನು ಆ ಹುಡುಗಿಯ ತೋಳುಗಳನ್ನೇ ನೋಡುತ್ತ ನಿಂತೆ. "ಅಮ್ಮಾ, ಹಾಗೆಲ್ಲ ದಿಟ್ಟಿಸಿ ನೋಡಬಾರದು" ಎಂದು ನಿಮ್ಮ ಅಮ್ಮ ಕೈಹಿಡಿದು ಎಳೆದಳು. ಎರಡು ತೋಳಿನಲ್ಲಿ ಯಾವುದಾದರೂ ಒಂದು ದಪ್ಪವಾಗಿದೆಯೇ ಎಂದು ನಾನು ನೋಡುತ್ತಿದ್ದೆ. ಎರಡೂ ಒಂದೇ ಸಮ ಇದ್ದವು. ಮನಸ್ಸಿಗೆ ಸಮಾಧಾನವಾಗಿ ಹೊರಗೆ ಬಂದೆ. ಯಾಕೆ ಹಾಗೆ ನೋಡಿದೆ ಎಂಬುದನ್ನು ನಿಮ್ಮ ಅಮ್ಮನಿಗೂ ಸರಿಯಾಗಿ ಹೇಳಿರಲಿಲ್ಲ. ಅದಕ್ಕೆ ಕಾರಣವಾದದ್ದೆಲ್ಲ ನಡೆದಾಗ ಅವಳಿಗೆ ನಾಲ್ಕೇ ವರ್ಷ.

ಅದು ಅರವತ್ತೆರಡರ ಬೇಸಿಗೆ. ನಾವು ವೆಸ್ಟ್ ಮಾಂಬಲಂನಲ್ಲಿ, ಸ್ಟೇಷನ್ನಿನ ಹತ್ತಿರದ ಓಣಿಯಲ್ಲಿ, ಎಂಟು ಸಂಸಾರಗಳಿದ್ದ ಉದ್ದನೆಯ ಮನೆಯೊಂದರ ಕೊನೆಯ ಭಾಗದಲ್ಲಿದ್ದೆವು. ನಿಮ್ಮ ಅಜ್ಜ ಸೌಕಾರ್‌ಪೇಟೆಯಲ್ಲಿ ನಮ್ಮ ಕಡೆಯವರ ಹೋಟೆಲಿನಲ್ಲಿ ದೋಸೆ ಕಲ್ಲಿನ ಮುಂದೆ ನಿಲ್ಲುವವರು. ಕಲ್ಲಿನ ಮೇಲೆ ನೀರು ಚಿಮುಕಿಸಿ, ಅದು ಚುಂಯ್ ಎನ್ನುವ ಸದ್ದಿನಲ್ಲೇ ಶಾಖ ತಿಳಿಯುತ್ತಿದ್ದರು. ಆ ವರ್ಷ ಮಾಘದ ಹೊತ್ತಿಗೆ ಅವರಿಗೆ ಜ್ವರ ಬಂದು ಹೋಗಿ ಬಂದು ಹೋಗಿ ಮಾಡತೊಡಗಿತು. ಅಂಗಿ ಸಡಿಲವಾಯಿತು. ಬಲಗಾಲಿನ ಮೇಲೆ ಕಪ್ಪು ಹುಣ್ಣುಗಳು ಎದ್ದವು. ಎಡಪಾದ ಮಾತ್ರ ಬೇರೆಯದೇ ಕತೆ: ಅದನ್ನು ಎತ್ತಲು ಹೋದರೆ ಬೆರಳು ನೆಲಕ್ಕೆ ತಾಗುತ್ತಿತ್ತು. ಒಂದು ದಿನ ಒಲೆಯಿಂದ ಕೆಂಡ ಸಿಡಿದು ಆ ಪಾದದ ಮೇಲೆ ಬಿದ್ದರೂ ಅವರಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ಚಟ್ನಿ ರುಬ್ಬುತ್ತಿದ್ದವನು ವಾಸನೆ ಬಂದು ಕೂಗಿದಾಗ ಕೆಳಗೆ ನೋಡಿದರು. ಹಾಗಿತ್ತು ಮರಗಟ್ಟುವಿಕೆ.

ಚೈತ್ರದಲ್ಲಿ ಹೊಟ್ಟೆನೋವು ಶುರುವಾಯಿತು. ಒಂದು ತುತ್ತು ಒಳಗೆ ಹೋದರೆ ಸಾಕು, ಮೊಣಕಾಲು ಮಡಚಿ ಒದ್ದಾಡುವರು. ದೊಡ್ಡ ಸರಕಾರಿ ಆಸ್ಪತ್ರೆಗೆ ಸೇರಿಸಿದೆವು. ಮೀನಖಂಡದಿಂದ ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿದ ಮೇಲೆ, ರಕ್ತನಾಳಗಳ ಗೋಡೆಗಳೇ ಉರಿದಿವೆ, ನರಗಳಿಗೆ ರಕ್ತ ಸಾಲದೆ ಪಾದ ಮರಗಟ್ಟಿದೆ, ಕರುಳಿಗೆ ಸಾಲದೆ ನೋವು ಬರುತ್ತಿದೆ ಎಂದು ಗೊತ್ತಾಯಿತು.

ನಾನು ನಿಮ್ಮ ಅಮ್ಮನನ್ನು ಪಕ್ಕದ ಮನೆಯ ಅಲಮೇಲು ಮಾಮಿಯ ಹತ್ತಿರ ಬಿಟ್ಟು ಬೆಳಗಿನ ಮೊದಲ ಎಲೆಕ್ಟ್ರಿಕ್ ರೈಲು ಹಿಡಿಯುತ್ತಿದ್ದೆ. ಕತ್ತರಿ ಬಿಸಿಲು ಎನ್ನುತ್ತಾರಲ್ಲ, ಆ ದಿನಗಳು. ಎಂಟು ಗಂಟೆಗೆಲ್ಲ ರಸ್ತೆಯ ಡಾಮರು ಚಪ್ಪಲಿಗೆ ಅಂಟುತ್ತಿತ್ತು. ವಾರ್ಡಿನಲ್ಲಿ ನಲವತ್ತು ಮಂಚ, ಎತ್ತರದ ಚಾವಣಿಯಿಂದ ಇಳಿಬಿಟ್ಟ ಫ್ಯಾನುಗಳು, ಮೂಲೆಯಲ್ಲಿ ಮಣ್ಣಿನ ಹೂಜಿ. ಮಧ್ಯಾಹ್ನ ಸಮುದ್ರದ ಕಡೆಯಿಂದ ಗಾಳಿ ಬೀಸತೊಡಗಿದರೆ ಇಡೀ ವಾರ್ಡು ಒಟ್ಟಿಗೆ ಉಸಿರು ಬಿಟ್ಟ ಹಾಗಾಗುತ್ತಿತ್ತು.

ವಾರ್ಡಿನ ದೊಡ್ಡ ನರ್ಸು ಸಿಸ್ಟರ್ ಗ್ರೇಸ್, ನಾಗರಕೋವಿಲ್ ಕಡೆಯವರು. ಎತ್ತರದ ಆಳು, ಅದಕ್ಕೆ ತಕ್ಕ ಗಂಟಲು. ಮೊದಲ ದಿನ ನನ್ನನ್ನು ಕೇಳಿದರು, "ಪೇರೆನ್ನಮ್ಮಾ, ಉನ್ ವೀಟ್ಟುಕ್ಕಾರರ್ ಪೇರು?" ಗಂಡನ ಹೆಸರು ಕೇಳುತ್ತಿದ್ದಾರೆಂದು ಗೊತ್ತಾಯಿತು. ಆದರೆ ನಾವು ಗಂಡನ ಹೆಸರು ಬಾಯಲ್ಲಿ ಹೇಳುವವರಲ್ಲ. ಮಂಚದ ಮೇಲಿನ ಸಂಖ್ಯೆಯತ್ತ ಕೈ ತೋರಿಸಿದೆ. ಅವರು ನಕ್ಕರು.

"ಸರಿ. ಇನಿಮೇ ಅವರ್ ಪೇರ್ ಪದಿನೊಣ್ಣು. ನೀ ಪದಿನೊಣ್ಣು ಸಂಸಾರಂ."

ಅಂದಿನಿಂದ ನಾನು ಆ ವಾರ್ಡಿನಲ್ಲಿ ಹನ್ನೊಂದರ ಹೆಂಡತಿ. ನಿಮ್ಮ ಅಜ್ಜನಿಗೆ ಇದು ಬಹಳ ಖುಷಿ ಕೊಟ್ಟಿತು. ಮುಂದೆ ಮನೆಯಲ್ಲೂ ನಾನು ಕರೆದದ್ದು ಕೇಳಿಸದಿದ್ದರೆ, "ಹನ್ನೊಂದು ಅಂತ ಕರೆ ಮಾರಾಯ್ತಿ, ಓ ಅಂತೇನೆ" ಎನ್ನುತ್ತಿದ್ದರು.

ಈಗ ನಾನು ಯಾರ ಸಲುವಾಗಿ ಇದನ್ನೆಲ್ಲ ಬರೆಯಲು ಕೂತೆನೋ ಅವರ ವಿಷಯಕ್ಕೆ ಬರುತ್ತೇನೆ. ಅವರು ಡಾಕ್ಟರ್ ವೇದವಲ್ಲಿ. ಮೂವತ್ತೈದರ ಆಸುಪಾಸು. ತೆಳ್ಳನೆಯ ಮೈ, ನೂಲಿನ ಸೀರೆ, ಒಂದು ಕಡ್ಡಿ ಮುರಿದು ದಾರ ಸುತ್ತಿದ್ದ ಕನ್ನಡಕ. ದೊಡ್ಡ ಡಾಕ್ಟರ ಕೈಕೆಳಗೆ ಇದ್ದವರು. ಗಂಡಸರ ವಾರ್ಡಿನಲ್ಲಿ ಹೆಂಗಸು ಡಾಕ್ಟರು ಎಂದು ಕೆಲವು ರೋಗಿಗಳು ಮೊದಲು ಮುಖ ತಿರುಗಿಸುತ್ತಿದ್ದರಂತೆ. ನಾನು ಹೋಗುವ ಹೊತ್ತಿಗೆ ಅವರೆಲ್ಲ ಬಾಗಿಲ ಕಡೆಗೆ ಕಣ್ಣಿಟ್ಟು ಈ ಡಾಕ್ಟರನ್ನೇ ಕಾಯುತ್ತಿದ್ದರು. ಅವರಲ್ಲಿ ನಾನು ಮೊದಲು ಗಮನಿಸಿದ್ದು ಒಂದೇ: ಯಾರ ಜೊತೆ ಮಾತಾಡಿದರೂ ಅವರ ಕಣ್ಣಿನ ಮಟ್ಟಕ್ಕೆ ಬಗ್ಗಿ ಮಾತಾಡುತ್ತಿದ್ದರು. ನೆಲದ ಮೇಲೆ ಕೂತಿದ್ದ ನನ್ನ ಹತ್ತಿರ ಬಂದಾಗ ತಾವೂ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು.

ಹಾಗೆ ಕೂತೇ ಒಂದು ಬೆಳಿಗ್ಗೆ ಎಲ್ಲ ವಿವರಿಸಿದರು. ನನಗೆ ಅರ್ಥವಾಗಲೆಂದು ತಮಿಳನ್ನು ಬಿಡಿಸಿ ಬಿಡಿಸಿ, ನಿಧಾನವಾಗಿ ಹೇಳಿದರು. ಬಾಯಿಂದ ಆಹಾರ ಹೋಗುತ್ತಿಲ್ಲ, ಔಷಧವೂ ಹೋಗುತ್ತಿಲ್ಲ. ಕೈಗಳ ರಕ್ತನಾಳಗಳೆಲ್ಲ ಸೂಜಿ ಚುಚ್ಚಿ ಚುಚ್ಚಿ ಮುಚ್ಚಿಹೋಗಿವೆ. ಇನ್ನು ತೊಡೆಯ ದೊಡ್ಡ ನಾಳದಲ್ಲಿ ಒಂದು ನಳಿಗೆ ತೂರಿಸಿ, ಹೊಟ್ಟೆಯ ತನಕ ಏರಿಸಿ, ಅದರಲ್ಲಿ ಗ್ಲೂಕೋಸು ಮತ್ತು ಔಷಧ ಕೊಡಬೇಕು. ಬಲಗಾಲಿನಲ್ಲಿ ಹುಣ್ಣು. ಹಾಗಾಗಿ ಎಡಗಾಲೇ ಗತಿ.

"ನಳಿಗೆ ಹಾಕದಿದ್ದರೆ ಇವರು ಉಳಿಯುವುದು ಕಷ್ಟ" ಎಂದರು. "ಹಾಕಿದರೆ ಅದರಿಂದಲೇ ಒಂದು ಅಪಾಯ ಇದೆ. ಅದನ್ನೂ ನಿನಗೆ ಹೇಳಬೇಕು. ಹಾಲಿಗೆ ಹೆಪ್ಪು ಹಾಕುತ್ತೀಯಲ್ಲ?"

ನಾನು ತಲೆಯಾಡಿಸಿದೆ.

"ರಕ್ತವೂ ಹಾಗೆ ಹೆಪ್ಪುಗಟ್ಟುತ್ತದೆ. ನಾಳದ ಒಳಗೋಡೆ ನುಣುಪಾಗಿದ್ದರೆ ಗಟ್ಟುವುದಿಲ್ಲ. ಇವರಿಗೆ ಕಾಯಿಲೆಯಿಂದ ಒಳಗೋಡೆ ಹಸಿಗಾಯದ ಹಾಗಿದೆ. ಜೊತೆಗೆ ಒಳಗೊಂದು ನಳಿಗೆ ಬಿದ್ದುಕೊಂಡಿರುತ್ತದೆ. ಬೇರೆಯವರಿಗೆ ಆಗುವುದಕ್ಕಿಂತ ಇವರಿಗೆ ಬೇಗ ಆಗಬಹುದು. ಕಾಲಿನಲ್ಲೇ ಗಟ್ಟಿದರೆ ಕಾಲು ಊದುತ್ತದೆ. ಅಲ್ಲಿಂದ ಒಂದು ತುಂಡು ಕಳಚಿ ಎದೆಗೆ ಹೋಯಿತೋ, ಆಮೇಲೆ ನನ್ನ ಕೈಯಲ್ಲಿ ಹೆಚ್ಚು ಏನೂ ಇಲ್ಲ."

ಮತ್ತೆ ಹೇಳಿದರು: "ಬೇರೆಯವರಾದರೆ ಕಾಲು ನೋಯುತ್ತದೆ ಎಂದು ತಾವೇ ಕೂಗುತ್ತಾರೆ. ಇವರ ಆ ಕಾಲಿಗೆ ನೋವೇ ಗೊತ್ತಾಗುವುದಿಲ್ಲ. ಯಾರಾದರೂ ನೋಡುತ್ತಲೇ ಇರಬೇಕು. ನಲವತ್ತು ಮಂಚಕ್ಕೆ ಇರುವುದು ಇಬ್ಬರು ನರ್ಸುಗಳು."

ಓದು ಬರಹ ಹೆಚ್ಚು ಇಲ್ಲದ ಹೆಂಗಸಿಗೆ ಇಷ್ಟೆಲ್ಲ ಯಾಕೆ ಎಂದು ಅವರು ಬಿಡಬಹುದಿತ್ತು. ಬಿಡಲಿಲ್ಲ. ನನ್ನ ಜೀವಮಾನದಲ್ಲಿ ಯಾರೂ ಅಷ್ಟು ದೊಡ್ಡ ವಿಷಯವನ್ನು ನನ್ನ ಎದುರು ಕೂತು ನನಗೇ ಹೇಳಿದ್ದಿಲ್ಲ.

ನಳಿಗೆ ಹಾಕಿದರು. ತೊಡೆಯ ಸಂದಿಯಲ್ಲಿ ಹತ್ತಿಬಟ್ಟೆಯ ಕಟ್ಟು, ಅದರಿಂದ ಹೊರಬಂದ ಬಿಳಿಯ ನಳಿಗೆ, ಮೇಲೆ ನೇತುಹಾಕಿದ ಗಾಜಿನ ಬಾಟಲಿ. ನಾನು ಮಂಚದ ಪಕ್ಕ ಕೂತು ಹೂ ಕಟ್ಟುತ್ತಿದ್ದೆ. ನಮ್ಮೂರು ಉಡುಪಿಯ ಹತ್ತಿರ, ಮಲ್ಲಿಗೆ ಬೆಳೆಯುವ ಕಡೆ. ನಾಲ್ಕು ವರ್ಷದ ಮಗುವಾಗಿದ್ದಾಗಿನಿಂದ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿದ ಕೈ ಇದು, ಸುಮ್ಮನೆ ಇರಲು ಬಾರದು. ಅಲಮೇಲು ಮಾಮಿ ದೇವರಿಗೆಂದು ಕೊಡುತ್ತಿದ್ದ ಮೊಗ್ಗುಗಳನ್ನು ಕೈಚೀಲದಲ್ಲಿ ತಂದು ಅಲ್ಲೇ ಕಟ್ಟುತ್ತಿದ್ದೆ. ಸಿಸ್ಟರ್ ಗ್ರೇಸ್ ಅದನ್ನು ನೋಡಿದರು.

"ಏಯ್ ಪದಿನೊಣ್ಣು, ಇದು ಆಸ್ಪತ್ರೆಯೋ ಕೋವಿಲೋ?" ಎಂದರು. ನಾನು ಹೆದರಿ ಎಲ್ಲ ಮುಚ್ಚಿಟ್ಟೆ. ಅವರು ಕೈಚೀಲದಿಂದ ಒಂದು ನಾರು ಎಳೆದು, ಬೆರಳಿಗೆ ಸುತ್ತಿ ನೋಡಿದರು. ವಾರ್ಡಿಗೆಲ್ಲ ಒಂದೇ ಅಳತೆಪಟ್ಟಿ ಇತ್ತು, ಅದೂ ಯಾವಾಗಲೂ ಇನ್ನೊಬ್ಬರ ಕೈಯಲ್ಲಿರುತ್ತಿತ್ತು. "ಇದರಲ್ಲಿ ಅವರ ಎಡಗಾಲಿನ ಮೀನಖಂಡ ಸುತ್ತಿ ಗಂಟು ಹಾಕು. ದಿನಾ ಬೆಳಿಗ್ಗೆ ಅದೇ ಗಂಟಿಗೆ ಬರುತ್ತದೋ ನೋಡು. ಬರದಿದ್ದರೆ ಹೇಳು" ಎಂದರು.

ಎಷ್ಟು ಹೆಮ್ಮೆಯಾಯಿತು ಗೊತ್ತೇ. ನನಗೆ ಬರುವ ಕೆಲಸ ಅಲ್ಲಿಗೂ ಬೇಕಾಯಿತಲ್ಲ ಎಂದು. ಒಳ್ಳೆಯ ನಾರು ಆರಿಸಿ, ನಮ್ಮ ಪದ್ಧತಿಯಂತೆ ನೀರಿನಲ್ಲಿ ನೆನೆಸಿ, ಕಾಲಿಗೆ ಸುತ್ತಿ ಗಂಟು ಹಾಕಿದೆ.

ಮರುದಿನ ಬೆಳಿಗ್ಗೆ ಅದನ್ನೇ ಕಾಲಿಗೆ ಸುತ್ತಿದರೆ ಗಂಟು ಮುಟ್ಟಲೇ ಇಲ್ಲ. ಎರಡು ಬೆರಳಿನಷ್ಟು ಕಡಿಮೆ. ಓಡಿಹೋಗಿ ಸಿಸ್ಟರ್ ಗ್ರೇಸರ ಎದುರು ನಿಂತೆ. ನಾರು ತೋರಿಸಿದೆ. ಅವರು ಡಾಕ್ಟರ್ ವೇದವಲ್ಲಿಯವರನ್ನು ಕರೆಸಿದರು. ಡಾಕ್ಟರು ಇನ್ನೊಂದು ವಾರ್ಡಿನಿಂದ ಓಡುತ್ತ ಬಂದರು. ಅಳತೆಪಟ್ಟಿ ಹಿಡಿದು ಎರಡೂ ಕಾಲು ಅಳೆದರು. ಮತ್ತೊಮ್ಮೆ ಅಳೆದರು. ಎರಡೂ ಒಂದೇ ಸಮ. ಊತ ಇಲ್ಲವೇ ಇಲ್ಲ.

ಒದ್ದೆ ನಾರು ಒಣಗಿದರೆ ಸುರುಟಿಕೊಂಡು ಮೋಟಾಗುತ್ತದೆ. ಹೂ ಕಟ್ಟುವ ಪ್ರತಿಯೊಬ್ಬಳಿಗೂ ಅದು ಗೊತ್ತು. ನನಗೂ ಗೊತ್ತಿತ್ತು. ಕಾಲಿನ ಚಿಂತೆಯಲ್ಲಿ ಹೊಳೆಯಲಿಲ್ಲ. ಪಕ್ಕದ ಮಂಚದವರು ನಕ್ಕರು, ಅವರನ್ನು ನೋಡಲು ಬಂದವರೂ ನಕ್ಕರು. ನಿಮ್ಮ ಅಜ್ಜ ಆ ನಿಶ್ಶಕ್ತಿಯಲ್ಲೂ ಬಿಡಲಿಲ್ಲ.

"ಎಂತ ಮಾರಾಯ್ತಿ, ನನ್ನ ಕಾಲನ್ನು ಮಲ್ಲಿಗೆ ಚೆಂಡು ಅಂತ ಮಾಡಿದ್ದೀಯಾ? ನೀರು ಚಿಮುಕಿಸಿ ಬಾಳೆಎಲೆಯಲ್ಲಿ ಸುತ್ತಿಡು, ಬಾಡುದಿಲ್ಲ."

ನಾನು ಗೋಡೆಯ ಕಡೆಗೆ ತಿರುಗಿ ಕೂತೆ. ಇನ್ನು ಈ ಊರಿನಲ್ಲಿ ಬಾಯಿ ತೆರೆಯುವುದಿಲ್ಲ ಎಂದುಕೊಂಡೆ. ಡಾಕ್ಟರು ಹೋಗಿರಬಹುದು ಎಂದುಕೊಂಡಿದ್ದೆ. ತಿರುಗಿದರೆ ನನ್ನ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತಿದ್ದರು. ಆ ನಾರನ್ನು ಒದ್ದೆ ಮಾಡಿ ಎಳೆದು, ಊದಿ ಒಣಗಿಸಿ, ಮತ್ತೆ ಎಳೆದು ನೋಡುತ್ತಿದ್ದರು, ಮಗು ಆಟದ ಸಾಮಾನು ನೋಡುವ ಹಾಗೆ.

"ನಾರಿನ ವಿಷಯದಲ್ಲಿ ನೀನು ತಪ್ಪಿದೆ" ಎಂದರು. "ಬಂದು ಹೇಳಿದ್ದು ತಪ್ಪಲ್ಲ. ಇನ್ನು ಹೀಗೆ ಮಾಡು. ಒಂದೇ ನಾರಿನಲ್ಲಿ, ಒಂದೇ ಹೊತ್ತಿನಲ್ಲಿ, ಎರಡೂ ಕಾಲು ಅಳೆ. ನಾರು ಮೋಟಾದರೆ ಎರಡಕ್ಕೂ ಮೋಟಾಗುತ್ತದೆ, ನೀನು ಸುಮ್ಮನಿರು. ಒಂದು ಕಾಲಿಗೆ ಮಾತ್ರ ಹೆಚ್ಚುಕಡಿಮೆ ಬಂದರೆ ನನ್ನನ್ನು ಕರೆ. ನಾನು ಊಟಕ್ಕೆ ಕೂತಿದ್ದರೂ ಕರೆ."

ಎರಡೂ ಕಾಲುಗಳ ಮೇಲೆ ಒಂದೇ ಜಾಗದಲ್ಲಿ ನೇರಳೆ ಬಣ್ಣದ ಔಷಧದಿಂದ ಗೆರೆ ಎಳೆದು ಎದ್ದುಹೋದರು. ನಾನು ಕಲಿತ ಶಾಲೆಯಲ್ಲಿ ತಪ್ಪು ಮಾಡಿದವರಿಗೆ ಬೆತ್ತದ ಏಟು ಬೀಳುತ್ತಿತ್ತು. ತಪ್ಪನ್ನು ಇಟ್ಟುಕೊಂಡೇ ಮುಂದಿನ ಪಾಠ ಮಾಡಬಹುದು ಎಂದು ನಾನು ಕಂಡದ್ದು ಅಂದು.

ಮುಂದಿನ ಐದು ದಿನ ಅದೇ ನನ್ನ ಪೂಜೆ. ಬೆಳಿಗ್ಗೆ ಬಂದ ಕೂಡಲೇ ಒಮ್ಮೆ, ಸಂಜೆ ಹೊರಡುವ ಮೊದಲು ಒಮ್ಮೆ. ಬಲಗಾಲಿಗೆ ಸುತ್ತಿ ಗುರುತು, ಅದನ್ನೇ ಎಡಗಾಲಿಗೆ ಸುತ್ತಿ ಗುರುತು. ಎರಡೂ ಒಂದರ ಮೇಲೊಂದು ಕೂರುತ್ತಿದ್ದವು. ಅತ್ತ ನಿಮ್ಮ ಅಜ್ಜನ ಮುಖಕ್ಕೆ ಕಳೆ ಬರತೊಡಗಿತು. ಜ್ವರ ಇಳಿಯಿತು. ಹೊಟ್ಟೆನೋವು ಕಡಿಮೆಯಾಯಿತು. ಎರಡು ತಿಂಗಳಲ್ಲಿ ಮೊದಲ ಸಲ, "ಹಸಿವೆ ಅಂದರೆ ಎಂತ ಅಂತ ನೆನಪಾಗ್ತಾ ಉಂಟು" ಎಂದರು. ಆ ಬಿಳಿಯ ನಳಿಗೆಗೆ ನಾನು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ.

ಆರನೆಯ ದಿನ ಬೆಳಿಗ್ಗೆ ಎಡಗಾಲಿನ ಗುರುತು ಬಲಗಾಲಿನ ಗುರುತಿಗಿಂತ ಮುಂದೆ ಹೋಗಿತ್ತು. ಒಂದು ಹೆಬ್ಬೆರಳಿನ ಅಗಲ. ನಾನು ಬೇರೆ ನಾರು ತೆಗೆದು ಅಳೆದೆ. ಅಷ್ಟೇ ಬಂತು. ಮೂರನೆಯ ನಾರಿನಲ್ಲೂ ಅಷ್ಟೇ. ಕಣ್ಣಿಗೆ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಕೈಯಿಟ್ಟರೆ ಎಡಗಾಲು ಒಂದಿಷ್ಟು ಬೆಚ್ಚಗಿತ್ತು.

"ನೋಯ್ತದಾ?" ಎಂದು ಕೇಳಿದೆ.

"ಆ ಕಾಲಿಗೆ ಕೆಂಡ ಬಿದ್ದದ್ದೇ ಗೊತ್ತಾಗ್ಲಿಲ್ಲ, ಇನ್ನು ನೋವು ಎಲ್ಲಿಂದ" ಎಂದರು. ಆಮೇಲೆ ನನ್ನ ಮುಖ ನೋಡಿ ಅವರ ದನಿ ಬದಲಾಯಿತು. "ಎಂತ? ಮತ್ತೆ ದಪ್ಪ ಆಯ್ತಾ? ಸುಮ್ನೆ ಕೂತುಕೋ. ಈ ನಳಿಗೆಯಿಂದಲೇ ನಾನು ಇವತ್ತು ಮಾತಾಡುದು. ಅದನ್ನು ಕಿತ್ತರೆ ಮತ್ತೆ ಹೊಟ್ಟೆಗೆ ಎಂತ ಹಾಕುದು? ಮೊನ್ನೆ ನಗೆಪಾಟಲಾದ್ದು ಸಾಲದಾ?"

"ಮೊನ್ನೆ ಅಳೆದದ್ದು ಒಂದೇ ಕಾಲು" ಎಂದೆ.

ಅಷ್ಟರಲ್ಲಿ ದೊಡ್ಡ ಡಾಕ್ಟರ ರೌಂಡ್ಸ್ ಶುರುವಾಯಿತು. ಆ ಹೊತ್ತಿಗೆ ರೋಗಿಗಳ ಕಡೆಯವರು ಯಾರೂ ಒಳಗಿರುವಂತಿಲ್ಲ. ಬಾಗಿಲಿನವನು "ವೆಳಿಯೇ ಪೋಮ್ಮಾ, ವೆಳಿಯೇ" ಎಂದು ನಮ್ಮನ್ನೆಲ್ಲ ಜಗಲಿಗೆ ಅಟ್ಟಿದ. ಕಿಟಕಿಯ ಕಂಬಿಗಳ ನಡುವಿನಿಂದ ನೋಡಿದೆ. ದೊಡ್ಡ ಡಾಕ್ಟರು, ಅವರ ಹಿಂದೆ ಡಾಕ್ಟರ್ ವೇದವಲ್ಲಿ, ಅವರ ಹಿಂದೆ ಹತ್ತು ಹನ್ನೆರಡು ವಿದ್ಯಾರ್ಥಿಗಳು. ಹನ್ನೊಂದನೆಯ ಮಂಚಕ್ಕೆ ಬಂದರು. ದೊಡ್ಡ ಡಾಕ್ಟರು ಕಾಗದ ನೋಡಿ, ಹೊಟ್ಟೆ ಮುಟ್ಟಿ, ತೃಪ್ತಿಯಿಂದ ತಲೆಯಾಡಿಸಿದರು. ಹೊದಿಕೆ ಕಾಲಿನ ಮೇಲೇ ಇತ್ತು. ಯಾರೂ ಸರಿಸಲಿಲ್ಲ. ಸರಿಸಬೇಕಾದ ಕಾರಣವೂ ಕಾಣುತ್ತಿರಲಿಲ್ಲ, ರೋಗಿ ನಗುತ್ತಿದ್ದರಲ್ಲ. ಎಲ್ಲರೂ ಹನ್ನೆರಡನೆಯ ಮಂಚದ ಕಡೆಗೆ ತಿರುಗಿದರು.

ರೌಂಡ್ಸ್ ಮುಗಿಯುವುದಕ್ಕೆ ಇನ್ನು ಒಂದೂವರೆ ಗಂಟೆ. ಕಾಯಬಹುದಿತ್ತು. ಕಾಯುವುದೇ ನನ್ನ ಸ್ವಭಾವ. ಆದರೆ ನಳಿಗೆ ಒಳಗಿದ್ದಷ್ಟು ಹೊತ್ತೂ ಹೆಪ್ಪು ಬೆಳೆಯುತ್ತಿರುತ್ತದೆ ಎಂದು ಕಣ್ಣಿಗೆ ಕಟ್ಟಿತು. ಒಂದು ತುಂಡು ಕಳಚಿದರೆ ಏನಾಗುತ್ತದೆಂದು ಡಾಕ್ಟರು ಹೇಳಿದ್ದು ನೆನಪಾಯಿತು. ಬಾಗಿಲಿನವನ ಪಕ್ಕದಲ್ಲಿ ನುಸುಳಿ ಒಳಗೆ ಹೋದೆ. ಅವನು ಹಿಂದಿನಿಂದ ಕೂಗಿದ. ಅಷ್ಟು ಜನ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು. ನಾರುಗಳನ್ನು ಹಿಡಿದಿದ್ದ ಕೈಯನ್ನು ಮುಂದೆ ಚಾಚಿದೆ.

"ಪದಿನೊಣ್ಣು" ಎಂದೆ. "ಇಡದು ಕಾಲ್. ವಲದು ಸರಿ. ಇಡದು ಪೆರಿಸು."

ಬಲಗಾಲು ಸರಿಯಿದೆ, ಎಡಗಾಲು ದಪ್ಪವಾಗಿದೆ ಎಂದು ಹೇಳಲು ನನಗಿದ್ದ ತಮಿಳೆಲ್ಲ ಅಷ್ಟೇ. ದೊಡ್ಡ ಡಾಕ್ಟರು ಹುಬ್ಬು ಗಂಟಿಕ್ಕಿ, "ಯಾರಿದು? ಕೈಯಲ್ಲೇನದು?" ಎಂದು ಕೇಳಿದರು. ಒಬ್ಬ ವಿದ್ಯಾರ್ಥಿ ನಗು ತಡೆದುಕೊಂಡ.

ಡಾಕ್ಟರ್ ವೇದವಲ್ಲಿ ಮುಂದೆ ಬಂದರು. "ನಾನು ಅಳೆಯಲು ಹೇಳಿದ್ದೆ ಸರ್. ಎರಡೂ ಕಾಲು ಅಳೆಯುತ್ತಾಳೆ" ಎಂದರು. ಮೊನ್ನೆಯ ತಪ್ಪಿನ ಮಾತನ್ನೇ ಎತ್ತಲಿಲ್ಲ. ಹೊದಿಕೆ ಸರಿಸಿ ಅಳತೆಪಟ್ಟಿ ಹಿಡಿದರು. ಮೀನಖಂಡ, ಮೊಣಕಾಲಿನ ಮೇಲೆ, ತೊಡೆ. ಅಳೆದು ದೊಡ್ಡ ಡಾಕ್ಟರಿಗೆ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದರು. ಅವರೂ ಬಗ್ಗಿ ತೊಡೆಯನ್ನು ಒತ್ತಿ ನೋಡಿದರು. ನಗು ತಡೆದುಕೊಂಡಿದ್ದ ವಿದ್ಯಾರ್ಥಿಯನ್ನೇ ಕರೆದು, "ಇಲ್ಲಿ ಮುಟ್ಟು. ನೀನು ಇವತ್ತು ಬೆಳಿಗ್ಗೆ ಈ ಕಾಲು ನೋಡಿದ್ದೆಯಾ?" ಎಂದು ಕೇಳಿದರು. ಅವನು ನೆಲ ನೋಡಿದ. ದೊಡ್ಡ ಡಾಕ್ಟರು ನನ್ನ ಕಡೆಗೆ ತಿರುಗಿ, "ಪರವಾಯಿಲ್ಲೈಯೇ" ಎಂದರು. ಆ ಊರಿನಲ್ಲಿ ಅದು ದೊಡ್ಡ ಹೊಗಳಿಕೆ.

ಆದರೆ ಅಪಾಯ ಈಗಷ್ಟೇ ಕಣ್ಣಿಗೆ ಬಿದ್ದಿತ್ತು. ರಕ್ತ ಗಟ್ಟಿಯಾಗದಂತೆ ಇಂಜೆಕ್ಷನ್ ಕೊಡಬೇಕು. ಕೊಟ್ಟರೆ ಕರುಳಿನ ಹುಣ್ಣುಗಳಿಂದ ರಕ್ತ ಸುರಿಯಲೂಬಹುದು. ಇಬ್ಬರೂ ಕಿಟಕಿಯ ಹತ್ತಿರ ನಿಂತು ಬಹಳ ಹೊತ್ತು ಮಾತಾಡಿದರು. ಕೊನೆಗೆ ಇಂಜೆಕ್ಷನ್ ಕೊಟ್ಟು ನಳಿಗೆ ತೆಗೆಯುವುದೆಂದು ತೀರ್ಮಾನವಾಯಿತು. ಅದಕ್ಕೆ ಕೈಯಲ್ಲಿ ಒಂದಾದರೂ ರಕ್ತನಾಳ ಬೇಕು. ಡಾಕ್ಟರ್ ವೇದವಲ್ಲಿ ಮಂಚದ ಪಕ್ಕ ನೆಲದ ಮೇಲೆ ಮೊಣಕಾಲೂರಿ ಕೂತು, ಬಿಸಿನೀರಿನ ಬಟ್ಟೆ ಸುತ್ತಿ ಸುತ್ತಿ, ಒಂದೊಂದು ಬೆರಳಿನ ಬುಡವನ್ನೂ ತಡವಿ ಹುಡುಕಿದರು. ಹಣೆಯ ಬೆವರು ಕನ್ನಡಕದ ಮೇಲೆ ಇಳಿಯುತ್ತಿತ್ತು. ಸಿಸ್ಟರ್ ಗ್ರೇಸ್ ತಮ್ಮ ಕರವಸ್ತ್ರದಿಂದ ಅದನ್ನು ಒರೆಸುತ್ತಿದ್ದರು. ಕೊನೆಗೆ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೂಲಿನೆಳೆಯಂಥ ಒಂದು ನಾಳ ಸಿಕ್ಕಿತು.

ನಳಿಗೆ ತೆಗೆದ ಮೇಲೆ ಬಿಳಿಯ ತಟ್ಟೆಯಲ್ಲಿ ಅದನ್ನು ನನಗೆ ತೋರಿಸಿದರು. ತುದಿಯಲ್ಲಿ ಕಡುಗೆಂಪಿನ ಒಂದು ಮೆತ್ತನೆಯ ಮುದ್ದೆ ಅಂಟಿಕೊಂಡಿತ್ತು, ರಕ್ತ ಕುಡಿದ ಇಂಬಳದಷ್ಟು. "ಇದು ಹೊರಗೆ ಬಂದದ್ದು. ಕಾಲಿನೊಳಗೆ ಇನ್ನೂ ಇದೆ. ಈಗಲೇ ಗೆದ್ದೆವು ಎಂದುಕೊಳ್ಳಬೇಡ" ಎಂದರು.

ಎಡಗಾಲನ್ನು ದಿಂಬಿನ ಮೇಲೆ ಎತ್ತರಿಸಿ ಇಟ್ಟರು, ಅಲುಗಾಡಬಾರದು ಎಂದರು. ನಿಮ್ಮ ಅಜ್ಜನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನಿಂತು ನಿಂತು ಬದುಕಿದ ಜೀವ ಅದು. ಬಾಯಿಂದಲೇ ಆಹಾರ ಹೋಗಬೇಕಿತ್ತು ಈಗ. ಗಂಜಿಯ ತಿಳಿಯನ್ನು ಚಮಚೆ ಚಮಚೆಯಾಗಿ ಕೊಟ್ಟೆ. ಮೊದಲ ಚಮಚೆ ಇಳಿದ ಮೇಲೆ ನಾವಿಬ್ಬರೂ ಹೊಟ್ಟೆನೋವು ಬರುತ್ತದೆಯೇ ಎಂದು ಕಾದೆವು. ಬರಲಿಲ್ಲ. ನಳಿಗೆ ಅಷ್ಟು ದಿನದಲ್ಲಿ ತನ್ನ ಕೆಲಸ ಮಾಡಿ ಮುಗಿಸಿತ್ತು.

ಮೂರನೆಯ ದಿನ ಮಧ್ಯಾಹ್ನ ಅವರು ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡರು. ಉಸಿರು ಎಳೆದರೆ ಚುಚ್ಚುತ್ತದೆ ಎಂದರು. ಕೆಮ್ಮಿದಾಗ ಬಟ್ಟೆಯ ಮೇಲೆ ರಕ್ತದ ಗೆರೆ. ನಾನು ಡಾಕ್ಟರುಗಳ ಕೋಣೆಗೆ ಓಡಿದೆ. ಡಾಕ್ಟರ್ ವೇದವಲ್ಲಿ ಟಿಫನ್ ಡಬ್ಬಿ ಬಿಚ್ಚಿ ಕೂತಿದ್ದರು. ನನ್ನನ್ನು ನೋಡಿದ್ದೇ ತಡ, ಕೈಗೆ ನೀರು ಸುರಿದುಕೊಂಡು ಎದ್ದರು. ಡಬ್ಬಿ ಹಾಗೇ ತೆರೆದಿತ್ತು. ಎದೆಗೆ ಕೊಳವೆ ಇಟ್ಟು ಆಲಿಸಿದರು, ನಾಡಿ ಹಿಡಿದು ಕೂತರು. ನನಗೆ ಆ ಕಾಲ ಎಷ್ಟು ಉದ್ದವಾಗಿತ್ತೆಂದು ಬರೆಯಲು ಬರುವುದಿಲ್ಲ.

"ಒಂದು ಸಣ್ಣ ಚೂರು ಎದೆಗೆ ಹೋಗಿದೆ" ಎಂದರು ಕೊನೆಗೆ. "ಸಣ್ಣದು. ಔಷಧ ಮೂರು ದಿನ ಮೊದಲೇ ಶುರುವಾದ್ದರಿಂದ ಸಣ್ಣದು."

ನಿಮ್ಮ ಅಜ್ಜ ಕಣ್ಣು ಬಿಟ್ಟು ನನ್ನನ್ನು ನೋಡಿದರು. ಏನೋ ತಮಾಷೆ ಮಾಡುತ್ತಾರೆ ಎಂದುಕೊಂಡೆ. ಮಾಡಲಿಲ್ಲ. ನನ್ನ ಮಣಿಕಟ್ಟನ್ನು ಹಿಡಿದುಕೊಂಡರು, ಅಷ್ಟು ಜನರ ಎದುರಿಗೆ. ಸಂಜೆ ನಾನು ಹೊರಡುವವರೆಗೂ ಬಿಡಲಿಲ್ಲ.

ಆಮೇಲೆ ಮೂರು ವಾರ. ಎದೆಯ ಚುಚ್ಚು ನಿಂತಿತು. ದಿನಾ ಬೆಳಿಗ್ಗೆ ಎರಡು ಗುರುತುಗಳು ಒಂದಕ್ಕೊಂದು ಹತ್ತಿರ ಬಂದವು, ಪೂರ್ತಿ ಕೂಡಲಿಲ್ಲ. ಜುಲೈಯಲ್ಲಿ ಮೊದಲ ಮಳೆ ಬಿದ್ದು ವಾರ್ಡಿನ ಜಗಲಿಯಲ್ಲಿ ಮಣ್ಣಿನ ವಾಸನೆ ಎದ್ದ ದಿನ, ನಮ್ಮನ್ನು ಮನೆಗೆ ಕಳುಹಿಸುವುದಾಗಿ ಹೇಳಿದರು.

ಹೊರಡುವ ಬೆಳಿಗ್ಗೆ ಡಾಕ್ಟರ್ ವೇದವಲ್ಲಿ ನನ್ನನ್ನು ಇಪ್ಪತ್ತಾರನೆಯ ಮಂಚಕ್ಕೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬನಿಗೆ ಹಿಂದಿನ ದಿನ ತೊಡೆಯಲ್ಲಿ ನಳಿಗೆ ಹಾಕಿದ್ದರು. ಅವನ ಹೆಂಡತಿ, ಚೆಂಗಲ್ಪಟ್ಟಿನ ಕಡೆಯ ಹಳ್ಳಿಯ ಹುಡುಗಿ, ನೆಲದ ಮೇಲೆ ಮುದುಡಿ ಕೂತಿದ್ದಳು. "ಹೇಗೆ ಅಳೆಯಬೇಕೆಂದು ಇವಳಿಗೆ ತೋರಿಸು. ನಾನು ಹೇಳಿದರೆ ಡಾಕ್ಟರು ಹೇಳಿದ್ದಾಗುತ್ತದೆ. ನೀನು ಹೇಳು" ಎಂದು ಹೇಳಿ ಹೊರಟೇ ಹೋದರು. ನಾನು ಆ ಹುಡುಗಿಯ ಎದುರು ಕುಕ್ಕರುಗಾಲಿನಲ್ಲಿ ಕೂತೆ. ಅರೆಬರೆ ತಮಿಳಿನಲ್ಲಿ ಮಾತು ಶುರು ಮಾಡಿದೆ. ಒದ್ದೆ ನಾರು ಸುತ್ತಿ ನಾನು ಮಾಡಿದ ತಪ್ಪನ್ನೇ ಮೊದಲು ಹೇಳಿದೆ. ಅವಳು ನಕ್ಕಳು. ಆಮೇಲೆ ಎರಡೂ ಕಾಲು ಅಳೆಯುವುದನ್ನು ಕಲಿತಳು.

ತಿರುಗಿ ಬರುವ ಹೊತ್ತಿಗೆ ಡಾಕ್ಟರ್ ವೇದವಲ್ಲಿ ಬೇರೆ ವಾರ್ಡಿಗೆ ಹೋಗಿದ್ದರು. ಬೆಳಗಿನಿಂದ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ನಾಲ್ಕು ಮಾತು ನನ್ನಲ್ಲೇ ಉಳಿಯಿತು. ಮುಂದಿನ ತಿಂಗಳು ಔಷಧಕ್ಕೆ ಹೋದಾಗ ಅವರಿಗೆ ಮಧುರೆಗೆ ವರ್ಗವಾಗಿದೆ ಎಂದು ಸಿಸ್ಟರ್ ಗ್ರೇಸ್ ಹೇಳಿದರು. ಕಾಗದ ಬರೆಯಬಹುದಿತ್ತು. ಕನ್ನಡದಲ್ಲಿ ಬರೆದರೆ ಅವರು ಓದಲಾರರು ಎಂದು ಸುಮ್ಮನಾದೆ. ಇನ್ನೊಬ್ಬರ ಕೈಯಲ್ಲಿ ಬರೆಸಲು ನಾಚಿಕೆಯಾಯಿತು. ಹಾಗೆಯೇ ವರ್ಷಗಳು ಹೋದವು.

ನಿಮ್ಮ ಅಜ್ಜ ಆಮೇಲೆ ಇಪ್ಪತ್ತಮೂರು ವರ್ಷ ಬಾಳಿದರು. ದೋಸೆ ಕಲ್ಲಿನ ಮುಂದೆ ಮತ್ತೆ ನಿಲ್ಲಲಾಗಲಿಲ್ಲ. ಹೋಟೆಲಿನವರು ಸ್ಟೂಲು ಹಾಕಿ ಕೂರಿಸಿ ಹಿಟ್ಟಿನ ಉಸ್ತುವಾರಿ ಕೊಟ್ಟರು. ನಿಮ್ಮ ಮಾವ ಹುಟ್ಟಿದ್ದು ಆಮೇಲೆ. ನಿಮ್ಮ ಅಮ್ಮನ ಮದುವೆಗೆ ಧಾರೆ ಎರೆದದ್ದು ಅವರ ಕೈ. ಎಡಗಾಲು ಕೊನೆಯವರೆಗೂ ಬಲಗಾಲಿಗಿಂತ ಒಂದಿಷ್ಟು ದಪ್ಪವೇ ಇತ್ತು.

ಮಕ್ಕಳೇ, ಡಾಕ್ಟರ್ ವೇದವಲ್ಲಿಯವರ ಫೋಟೋ ನಮ್ಮಲ್ಲಿಲ್ಲ. ಅವರ ಕೈಬರಹದ ಚೀಟಿಯೂ ಇಲ್ಲ. ಅವರನ್ನು ಕಂಡಿದ್ದ ನಿಮ್ಮ ಅಜ್ಜ ಹೋದರು, ನಾನೂ ಹೋಗುವವಳೇ. ಆಮೇಲೆ ನಮ್ಮ ಮನೆಯಲ್ಲಿ ಅವರ ಹೆಸರು ಇರುವುದು ಈ ಹಾಳೆಗಳಲ್ಲಿ ಮಾತ್ರ. ಅಡುಗೆಮನೆಯ ಗೂಡಿನಲ್ಲಿ ಇಡಬೇಡಿ, ಎಣ್ಣೆಜಿಡ್ಡು ಹತ್ತುತ್ತದೆ. ಬೀರುವಿನಲ್ಲಿ ನಿಮ್ಮ ಸರ್ಟಿಫಿಕೇಟುಗಳನ್ನು ಇಟ್ಟಿರುವ ಫೈಲಿನಲ್ಲಿ ಇಡಿ. ನಾನು ಅವರಿಗೆ ಹೇಳಬೇಕಾಗಿದ್ದ ಮಾತು ಇದರಲ್ಲಿದೆ.